20 ಲೀಟರ್ ಕ್ಯಾನು ಒಳಗೆ ತೆಗೆದುಕೊಳ್ಳುವ ಮುನ್ನ

ಏಪ್ರಿಲ್ ಕೊನೆಗೆ ತುಂಬೆ, ಬಜೆ ಅಣೆಕಟ್ಟುಗಳಲ್ಲಿ ನೀರು ತಳ ಕಾಣತೊಡಗಿದರೆ ಮಂಗಳೂರು, ಉಡುಪಿಯ ಫ್ಲ್ಯಾಟುಗಳಿಗೆ ಕುಡಿಯುವ ನೀರಿನ ನೀಲಿ ಕ್ಯಾನುಗಳು ಏರಲು ಶುರುವಾಗುತ್ತವೆ. ತರಿಸುವವರು ಕೇಳುವುದು ರೇಟು ಎಷ್ಟು, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಮಾತ್ರ. ಲೇಬಲ್ ಓದುವವರು ತೀರಾ ಕಡಿಮೆ.

ಕಾನೂನು ಈಚೆಗೆ ಬದಲಾಗಿದೆ. 2001ರಿಂದ ಐಎಸ್‌ಐ ಗುರುತಿಲ್ಲದ ಬಾಟಲಿ ನೀರನ್ನು ಮಾರುವ ಹಾಗಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಆ ಕಡ್ಡಾಯವನ್ನು ಕೈಬಿಟ್ಟಿತು. ಮರುತಿಂಗಳೇ ಬಾಟಲಿ ನೀರನ್ನು ಹೆಚ್ಚು ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿತು. ಹಾಗಾಗಿ ಪರವಾನಗಿ ಕೊಡುವ ಮೊದಲು ಘಟಕದ ತಪಾಸಣೆ ಆಗಬೇಕು, ವರ್ಷಕ್ಕೊಮ್ಮೆ ಹೊರಗಿನ ಸಂಸ್ಥೆಯಿಂದ ಆಡಿಟ್ ಆಗಬೇಕು. ಐಎಸ್‌ಐ ಇಲ್ಲ ಎಂದಮಾತ್ರಕ್ಕೆ ಈಗ ನಕಲಿ ಎನ್ನುವಂತಿಲ್ಲ. ಗುರುತು ಇದ್ದರೆ ಮಾತ್ರ ಅದರ ಮೇಲೆ ಐಎಸ್ 14543 (ಬಾಟಲಿ ಕುಡಿಯುವ ನೀರಿನ ಮಾನದಂಡ) ಎಂದೂ ಕೆಳಗೆ ಸಿಎಂ/ಎಲ್ ಎಂಬ ಪರವಾನಗಿ ಸಂಖ್ಯೆಯೂ ಇರಲೇಬೇಕು. ಆ ಸಂಖ್ಯೆಯನ್ನು, ಐಎಸ್‌ಐ ಗುರುತು ಕೊಡುವ ಸಂಸ್ಥೆಯಾದ ಬಿಐಎಸ್‌ನ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ಯಾರ ಪರವಾನಗಿ, ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದು ಗೊತ್ತಾಗುತ್ತದೆ. ಐಎಸ್ 13428 ಎಂದಿದ್ದರೆ ಅದು ನೈಸರ್ಗಿಕ ಮಿನರಲ್ ವಾಟರ್. ಅಂಗಡಿಯಲ್ಲಿ ನಾವು 'ಮಿನರಲ್ ವಾಟರ್' ಎಂದು ಕೇಳಿ ತರುವುದೆಲ್ಲ ಬಹುಪಾಲು ಅದಲ್ಲ.

ಎಫ್‌ಎಸ್‌ಎಸ್‌ಎಐ ಸಂಖ್ಯೆ 14 ಅಂಕಿಯದು. 112ರಿಂದ ಶುರುವಾದರೆ ಕರ್ನಾಟಕದಲ್ಲಿ ಕೊಟ್ಟ ರಾಜ್ಯ ಪರವಾನಗಿ, 100ರಿಂದ ಶುರುವಾದರೆ ಕೇಂದ್ರದ್ದು. ಎಫ್‌ಎಸ್‌ಎಸ್‌ಎಐ ಪರವಾನಗಿಗಳ ಫಾಸ್ಕಾಸ್ ಜಾಲತಾಣದಲ್ಲಿ ಹುಡುಕಿ, ಅಲ್ಲಿ ಬರುವ ವಿಳಾಸವೂ ಲೇಬಲ್‌ನ ವಿಳಾಸವೂ ಒಂದೇ ಹೌದೋ ನೋಡಿ. ಬ್ಯಾಚ್ ಸಂಖ್ಯೆ, ತುಂಬಿದ ದಿನಾಂಕ ಇಲ್ಲದ ಕ್ಯಾನನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿ. ನಾಳೆ ದೂರು ಕೊಡಬೇಕೆಂದರೆ ಕೈಯಲ್ಲಿ ಹಿಡಿಯಲು ಇರುವುದು ಅದೊಂದೇ. ಮದುವೆ ಹಾಲ್‌ಗಳಿಗೆ ಬರುವ, ಸೀಲೇ ಇಲ್ಲದ ತಣ್ಣೀರಿನ ಜಾರುಗಳಲ್ಲಿ ಇವ್ಯಾವುವೂ ಇರುವುದಿಲ್ಲ. ಅವನ್ನು ನೆಚ್ಚಿಕೊಳ್ಳಲು ಯಾವ ಆಧಾರವೂ ಇಲ್ಲ.

ಇನ್ನು ಟಿಡಿಎಸ್ ಮೀಟರ್, ಅಂದರೆ ನೀರಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ತೋರಿಸುವ ಮೀಟರ್. ಬ್ಯಾಕ್ಟೀರಿಯಾ ಅದಕ್ಕೆ ಕಾಣುವುದಿಲ್ಲ. ನಮ್ಮ ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಆಮ್ಲೀಯ, ಟಿಡಿಎಸ್ ಮೊದಲೇ ಕಡಿಮೆ. ಬಾಟಲಿ ನೀರಿಗೆ ನಿಯಮ ಹೇಳುವ ಟಿಡಿಎಸ್ ಲೀಟರಿಗೆ 75ರಿಂದ 500 ಮಿಲಿಗ್ರಾಂ. ಕ್ಯಾಲ್ಸಿಯಂ 10–75, ಮೆಗ್ನೀಸಿಯಂ 5–30. ಇಂಥ ಬಾವಿ ನೀರನ್ನು ಆರ್‌ಒಗೆ, ಅಂದರೆ ಲವಣ ತಡೆಯುವ ಪೊರೆಯ ಶೋಧಕಕ್ಕೆ, ಹಾಕಿದರೆ ಉಳಿದ ಲವಣವೂ ಹೋಗುತ್ತದೆ, ಆಮೇಲೆ ಅಳತೆ ಮಾಡಿ ಮರಳಿ ಸೇರಿಸಬೇಕು. ಅದರ ಬದಲು ಒಂದಿಷ್ಟು ಕಚ್ಚಾ ನೀರನ್ನು ಆರ್‌ಒ ತಪ್ಪಿಸಿ ನೇರ ಬೆರೆಸುವುದು ಸುಲಭದ ದಾರಿ. ಕಡಲಂಚಿನಲ್ಲಿ ಅದೇ ಅಪಾಯದ ದಾರಿ ಕೂಡ.

ಬೇಸಿಗೆಯಲ್ಲಿ ಬೋರ್‌ವೆಲ್ ಎಳೆದಷ್ಟೂ ಸಮುದ್ರದ ಉಪ್ಪು ಒಳನುಗ್ಗುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 65 ಮಿಲಿಗ್ರಾಂ ಬ್ರೋಮೈಡ್ ಇದೆ, ನೂರರಲ್ಲಿ ಒಂದು ಪಾಲು ಬೆರೆತರೂ ಬಾವಿಗೆ 0.65 ಮಿಲಿಗ್ರಾಂ ಬಂತು. ಆರ್‌ಒ ತಪ್ಪಿಸಿ ಬೆರೆಸಿದ ಕಚ್ಚಾ ನೀರಿನ ಜೊತೆ ಅದೂ ಕ್ಯಾನಿಗೆ ಬರುತ್ತದೆ. ಬ್ರೋಮೈಡ್ ತಾನಾಗಿ ತೊಂದರೆ ಕೊಡದು. ಕೊನೆಯಲ್ಲಿ ಕ್ರಿಮಿ ಕೊಲ್ಲಲು ಹಾಯಿಸುವ ಓಝೋನ್ ಅದನ್ನು ಬ್ರೋಮೇಟ್ ಮಾಡುತ್ತದೆ. ಬ್ರೋಮೇಟ್ ಕ್ಯಾನ್ಸರ್ ತರಬಹುದಾದ ವಸ್ತು, ಮಿತಿ ಲೀಟರಿಗೆ 0.01 ಮಿಲಿಗ್ರಾಂ. ರುಚಿಯಲ್ಲಿ ಗೊತ್ತಾಗದು, ಕುದಿಸಿದರೂ ಹೋಗದು. ಕಡಲ ಬದಿಯ ಘಟಕದವರು ಮಳೆಗಾಲದ ಲ್ಯಾಬ್ ವರದಿ ತೋರಿಸಿದರೆ ಮೇ ತಿಂಗಳದ್ದನ್ನೂ ಕೇಳಿ.

ಕ್ರಿಮಿಗಳ ಲೆಕ್ಕವೂ ಅಷ್ಟೇ ಬಿಗಿ: 250 ಮಿಲಿಲೀಟರ್‌ನಲ್ಲಿ ಇ. ಕೋಲಿ, ಕೋಲಿಫಾರ್ಮ್, ಸ್ಯೂಡೋಮೋನಾಸ್ ಏರುಜಿನೋಸಾ ಎಂಬ ಬ್ಯಾಕ್ಟೀರಿಯಾಗಳು ಒಂದೂ ಸಿಗಬಾರದು. ಒಟ್ಟು ಬ್ಯಾಕ್ಟೀರಿಯಾ ಎಣಿಕೆಯಲ್ಲಿ 37 ಡಿಗ್ರಿಯಲ್ಲಿ ಬೆಳೆಸಿ ನೋಡುವುದು 24 ಗಂಟೆ, 20–22 ಡಿಗ್ರಿಯಲ್ಲಿ ನೋಡುವುದು 72 ಗಂಟೆ ಬೇಡುತ್ತದೆ. ಬೆಳಿಗ್ಗೆ ತುಂಬಿದ ಕ್ಯಾನು ಸಂಜೆಗೇ ಗೂಡ್ಸ್ ಟೆಂಪೊ ಹತ್ತಿತೆಂದರೆ ಅದರ ಪರೀಕ್ಷೆ ಇನ್ನೂ ಮುಗಿದಿಲ್ಲ.

ಇಷ್ಟೆಲ್ಲ ಸರಿಯಿದ್ದರೂ ಕೆಡುವುದು ಹೆಚ್ಚಾಗಿ ಕ್ಯಾನಿನಲ್ಲೇ. ಖಾಲಿ ಕ್ಯಾನು ಘಟಕಕ್ಕೆ ವಾಪಸ್ ಬಂದಾಗ ಅಲ್ಲಿಯವರು ಮೊದಲು ಮೂಸಿ ನೋಡಬೇಕು. ಸೀಮೆಎಣ್ಣೆ, ಫಿನಾಯಿಲ್, ಪೇಂಟಿನ ವಾಸನೆ ಬಂದರೆ ಅದನ್ನು ತೊಳೆಯುವ ಸಾಲಿಗೇ ಸೇರಿಸಬಾರದು. ಪ್ಲಾಸ್ಟಿಕ್ ವಾಸನೆಯನ್ನು ಹೀರಿಕೊಂಡರೆ ಯಾವ ಸೋಪಿಗೂ ಬಿಡದು. ತಳದಲ್ಲಿ ತ್ರಿಕೋನದೊಳಗೆ 7 ಇದ್ದರೆ ಬಹುತೇಕ ಪಾಲಿಕಾರ್ಬೊನೇಟ್, 1 ಇದ್ದರೆ ಪಿಇಟಿ; ಎರಡೂ ಪ್ಲಾಸ್ಟಿಕ್ ಬಗೆಗಳು. ಪಿಇಟಿ ಬಿಸಿನೀರಿಗೆ ಆಕಾರ ಕೆಡುತ್ತದೆ, ಹಾಗಾಗಿ ಅದನ್ನು ತಣ್ಣೀರಲ್ಲೇ ಸ್ಯಾನಿಟೈಸ್ ಮಾಡುತ್ತಾರೆ. ಪಾಲಿಕಾರ್ಬೊನೇಟ್ ಬಿಸಿ ತಾಳುತ್ತದೆ, ಆದರೆ ತೊಳೆಯುವ ಕಾಸ್ಟಿಕ್ ಸೋಡಾ ಕಡುವಾದರೆ ಮೈಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಕ್ಯಾನನ್ನು ಬೆಳಕಿಗೆ ಹಿಡಿದರೆ ಕಾಣುವ ಆ ಮಬ್ಬು ಗೀರುಗಳೇ ಕ್ರಿಮಿಗಳಿಗೆ ಮನೆ. ಗೀರು ತುಂಬಿದ್ದು ಬಂದರೆ ಬದಲಿಸಿ ಕೇಳಿ.

ಮನೆಗೆ ಬಂದ ಮೇಲೆ ಕಿಟಕಿಯ ಬಿಸಿಲಿಗೆ ಇಡಬೇಡಿ, ಒಳಗೆ ಹಸಿರು ಪಾಚಿ ಕಟ್ಟುತ್ತದೆ. ಓಝೋನ್ ಕೆಲವೇ ಗಂಟೆಗಳಲ್ಲಿ ಇಳಿದುಹೋಗುವುದರಿಂದ ಆಮೇಲೆ ಸೇರಿದ ಕೊಳೆಯನ್ನು ಕೊಲ್ಲುವವರು ಯಾರೂ ಇರುವುದಿಲ್ಲ. ಡಿಸ್ಪೆನ್ಸರಿನ ನಲ್ಲಿಯನ್ನು ಬಿಚ್ಚಿ ತೊಳೆಯಿರಿ, ಬೆರಳಿಗೆ ಲೋಳೆ ಹತ್ತುವ ಜಾಗ ಅದೇ.

ಸಂಶಯ ಬಂದರೆ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗೆ ಬ್ಯಾಚ್ ಸಂಖ್ಯೆಯ ಫೋಟೊ ಸಮೇತ ದೂರು ಕೊಡಿ. ಗುಣಮಟ್ಟ ಕಡಿಮೆಯೆಂದು ಸಾಬೀತಾದರೆ 5 ಲಕ್ಷ ರೂಪಾಯಿವರೆಗೆ, ತಪ್ಪು ಲೇಬಲ್‌ಗೆ 3 ಲಕ್ಷದವರೆಗೆ ದಂಡವಿದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಮಿನಂತೆ ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಸೀಲ್ ಒಡೆಯದ ಕ್ಯಾನೇ ಬೇಕು. ಪರೀಕ್ಷೆಗೆ ಒಯ್ಯುತ್ತಿದ್ದೇನೆ ಎಂದು ಕೊಳ್ಳುವಾಗಲೇ ಮಾರುವವರಿಗೆ ಹೇಳಿರಬೇಕು. ಮಾದರಿ ತಲುಪಿ 14 ದಿನಗಳೊಳಗೆ ವರದಿ ಬರಬೇಕು, ನೀರು ನಿಯಮಕ್ಕೆ ಹೊಂದಲಿಲ್ಲವೆಂದಾದರೆ ಕಟ್ಟಿದ ಶುಲ್ಕ ವಾಪಸ್ ಸಿಗುತ್ತದೆ.