ನಾಳೆ ಹಡಗು, ಇವತ್ತು ಹುಬ್ಬಳ್ಳಿ

ಗೋವಾದ ಮುರಗಾವ್ ಬಂದರಿನಿಂದ ಕ್ರೂಸ್ ಹಡಗು ಹತ್ತಲು ಹೊರಟ ಉತ್ತರ ಕರ್ನಾಟಕದವರಲ್ಲಿ ಬಹಳ ಜನರಿಗೆ ಹುಬ್ಬಳ್ಳಿ ದಾಟದೆ ದಾರಿಯಿಲ್ಲ. ದಿನಾ ನೇರ ಗಾಡಿ ಇಲ್ಲದ ಊರಿನವರು ಇಲ್ಲಿ ಬಂದು ರೈಲು ಬದಲಿಸಬೇಕು, ಇಲ್ಲವೇ ಗಾಡಿ ಹಿಡಿಯಬೇಕು. ಆ ಬದಲಾವಣೆಯ ನಡುವೆ ಕೆಲವೊಮ್ಮೆ ಇಡೀ ಒಂದು ದಿನ ಖಾಲಿ ಬಿದ್ದುಬಿಡುತ್ತದೆ. ಅಕ್ಟೋಬರ್–ಡಿಸೆಂಬರ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿದು ಹಡಗಿನವರು ಒಂದು ದಿನ ಮುಂದೆ ಹಾಕುತ್ತಾರೆ. ಘಟ್ಟದಲ್ಲಿ ಮಣ್ಣು ಕುಸಿದು ರೈಲು ರದ್ದಾಗುತ್ತದೆ. ಅಥವಾ ವಾರದ ಗಾಡಿಯ ಲೆಕ್ಕ ತಪ್ಪಿ ಒಂದು ದಿನ ಮೊದಲೇ ಬಂದಿರುತ್ತೀರಿ.

ಆ ದಿನ ಸಿಕ್ಕ ಕೂಡಲೇ ಬಹಳ ಜನ ಮಾಡುವ ತಪ್ಪು ಒಂದೇ: "ಹೆಂಗೂ ಖಾಲಿ ಅದೇವಿ, ಹಂಪಿಗೆ ಹೋಗಿ ಬರೋಣ." ಬೇಡ. ಹಂಪಿ ಹೋಗಿಬರಲು ಮುನ್ನೂರು ಕಿಲೋಮೀಟರಿಗೂ ಮೇಲೆ ಆಗುತ್ತದೆ. ದಾಂಡೇಲಿಯೂ ಬೇಡ, ನದಿಗೆ ಇಳಿದು ಬಂದರೆ ಒದ್ದೆ ಬಟ್ಟೆ ಹಡಗಿನ ಚೀಲದಲ್ಲಿ ಮುಗ್ಗಲು ಹಿಡಿಯುತ್ತದೆ. ಸಂಜೆ ಬಸ್ ತಪ್ಪಿದರೆ ರೈಲು, ರೈಲು ತಪ್ಪಿದರೆ ಬಾಡಿಗೆ ಗಾಡಿ, ಹೀಗೆ ಎರಡು–ಮೂರು ದಾರಿ ಇರುವಷ್ಟೇ ದೂರ ಹೋಗಬೇಕು. ಆ ಲೆಕ್ಕದಲ್ಲಿ ಒಂದು ಕಡೆ ಧಾರವಾಡ, ಇನ್ನೊಂದು ಕಡೆ ಗದಗ–ಲಕ್ಕುಂಡಿ. ಅದರಾಚೆ ಗೆರೆ ಎಳೆಯಿರಿ.

ಇಷ್ಟು ಬಿಗಿ ಯಾಕೆಂದರೆ ರೈಲಿನ ಅಭ್ಯಾಸ ಇರುವವರಿಗೆ ಹಡಗಿನ ಶಿಸ್ತು ತಿಳಿದಿರುವುದಿಲ್ಲ. ಟಿಕೆಟ್ ಮೇಲೆ ಸಂಜೆ 5 ಎಂದಿದ್ದರೆ ಅದು ಹಡಗು ದಡ ಬಿಡುವ ಹೊತ್ತು, ನೀವು ತಲುಪಬೇಕಾದ ಹೊತ್ತಲ್ಲ. ಚೆಕ್-ಇನ್ ಕೌಂಟರ್ ಅದಕ್ಕೂ ಒಂದು ತಾಸು, ಕೆಲವೊಮ್ಮೆ ಇನ್ನೂ ಮೊದಲೇ ಮುಚ್ಚುತ್ತದೆ. ಆಮೇಲೆ ಬಂದವರನ್ನು ಹತ್ತಿಸಿಕೊಳ್ಳುವುದಿಲ್ಲ, ದುಡ್ಡು ವಾಪಸ್ಸು ಕೇಳಲೂ ಬರುವುದಿಲ್ಲ. ಇನ್ನು ಹುಬ್ಬಳ್ಳಿಯಿಂದ ಬಂದರಿನ ಪಕ್ಕದ ವಾಸ್ಕೋ ಕಡೆಯ ಹಳಿ ಕ್ಯಾಸಲ್‌ರಾಕ್ ದಾಟಿದ ಮೇಲೆ ಕುಳೆಂವರೆಗೆ 26 ಕಿ.ಮೀ. ಘಟ್ಟ ಇಳಿಯುತ್ತದೆ. ಇಳಿಜಾರು 37ಕ್ಕೆ 1, ಅಂದರೆ 37 ಮೀಟರ್ ಸಾಗಿದರೆ ಒಂದು ಮೀಟರ್ ಏರುಪೇರು. ಹತ್ತುವ ಗಾಡಿಗೆ ಹಿಂದಿನಿಂದ ಬೇರೆ ಇಂಜಿನ್ ಹಚ್ಚಿ ನೂಕುತ್ತಾರೆ. ಇಳಿಯುವ ಗಾಡಿ ಬ್ರೇಕ್ ಹಿಡಿದು ನಿಧಾನಕ್ಕೆ ಬರುತ್ತದೆ. ಅದೂ ಒಂಟಿ ಹಳಿ. ಒಂದು ಗೂಡ್ಸ್ ಗಾಡಿ ನಿಂತರೂ ಹಿಂದಿನದ್ದೆಲ್ಲ ನಿಂತಂತೆ. ಹಾಗಾಗಿ ಹಡಗಿನ ದಿನ ಮುಂಜಾನೆಯೇ ಗೋವಾದಲ್ಲಿರುವ ಹಾಗೆ ಗಾಡಿ ಹಿಡಿಯಿರಿ. ಯಶವಂತಪುರ–ವಾಸ್ಕೋ ಎಕ್ಸ್‌ಪ್ರೆಸ್ ಹುಬ್ಬಳ್ಳಿ ಮೇಲೇ ಹೋಗುತ್ತದೆ. ಅಮರಾವತಿ ಎಕ್ಸ್‌ಪ್ರೆಸ್ ಕೂಡ ಹೋಗುತ್ತದೆ, ಆದರೆ ದಿನಾ ಇಲ್ಲ. ರೈಲು ಕೈಕೊಟ್ಟರೆ ರಸ್ತೆಗೆ ರಾಮನಗರ–ಅನಮೋಡ ಘಟ್ಟ. ಅದೂ ಬಂದ್ ಆಗಿದ್ದರೆ ಯಲ್ಲಾಪುರ–ಅಂಕೋಲಾ–ಕಾರವಾರದ ಸುತ್ತು. ಖಾಲಿ ದಿನದ ಮೊದಲ ಅರ್ಧ ತಾಸು ಇದಕ್ಕೇ ಕೊಟ್ಟು, ಮೂರರಲ್ಲಿ ಯಾವ ದಾರಿ ತೆರೆದಿದೆ ನೋಡಿ, ಗಾಡಿಯವನ ಜೊತೆ ಮಾತಾಡಿಟ್ಟುಕೊಂಡರೆ ಉಳಿದ ದಿನ ನಿರಾಳ.

ಮುಂದಿನದು ಲಗೇಜು. ಸ್ಟೇಷನ್ನಿನ ಕ್ಲೋಕ್‌ರೂಮಿನಲ್ಲಿ ಇಡಬಹುದು, ಆದರೆ ಬೀಗ ಹಾಕದ ಚೀಲ ತೆಗೆದುಕೊಳ್ಳುವುದಿಲ್ಲ. ಜಿಪ್ಪಿಗೆ ಬೀಗ ಬೀಳದ ಬಟ್ಟೆಚೀಲ, ಹಗ್ಗ ಕಟ್ಟಿದ ರಟ್ಟಿನ ಡಬ್ಬಿ ತಂದವರು ಅಲ್ಲಿಂದ ವಾಪಸ್ ಬರುತ್ತಾರೆ. ಪ್ರಯಾಣದ ಟಿಕೆಟ್ಟು, ಗುರುತಿನ ಚೀಟಿ ಕೈಯಲ್ಲಿರಲಿ. ಜೊತೆಯಲ್ಲಿ ವಯಸ್ಸಾದವರಿದ್ದರೆ ಅದೇ ಟಿಕೆಟ್ಟಿನ ಪಿಎನ್ಆರ್ ಹಾಕಿ ರಿಟೈರಿಂಗ್ ರೂಮ್ ಹಿಡಿಯುವುದು ಒಳ್ಳೆಯದು. ಮಧ್ಯಾಹ್ನ ಎರಡು ತಾಸು ಕಾಲು ಚಾಚಿದರೆ ಮರುದಿನ ಹಡಗಿನ ಸಾಲಿನಲ್ಲಿ ನಿಲ್ಲಲು ತ್ರಾಣ ಇರುತ್ತದೆ.

ಮುಂಜಾನೆ ಏಳಕ್ಕೇ ಹೊರಬಿದ್ದರೆ ಉಣಕಲ್ ಕಡೆ ಹೋಗಿ. ಕೆರೆ ಎಲ್ಲರಿಗೂ ಗೊತ್ತು. ಊರೊಳಗಿನ ಚಂದ್ರಮೌಳೇಶ್ವರ ಗುಡಿ ಹುಬ್ಬಳ್ಳಿಯವರಲ್ಲೇ ಅರ್ಧ ಜನ ನೋಡಿಲ್ಲ. ಚಾಲುಕ್ಯರ ಕಾಲದ ಕಟ್ಟಡ. ನಾಲ್ಕೂ ದಿಕ್ಕಿಗೆ ಬಾಗಿಲು, ನಡುವೆ ನಾಲ್ಕು ಮುಖದ ಲಿಂಗ. ಸುತ್ತ ಮನೆಗಳು ಒತ್ತಿಕೊಂಡು ನಿಂತಿರುವುದರಿಂದ ಫೋಟೊಕ್ಕೆ ಜಾಗ ಸಿಗುವುದಿಲ್ಲ. ಒಳಗೆ ಹೋಗಿ ಬಾಗಿಲುವಾಡದ ಪಕ್ಕದ ಜಾಲಂಧ್ರ, ಅಂದರೆ ತೂತು ಕೊರೆದ ಕಲ್ಲಿನ ಕಿಟಕಿ ನೋಡಿ. ಮುಂಜಾನೆಯ ಬಿಸಿಲು ಅದರ ತೂತುಗಳಿಂದ ಇಳಿದು ನೆಲದ ಮೇಲೆ ಬೀಳುವುದು ಸ್ವಲ್ಪ ಹೊತ್ತು ಮಾತ್ರ.

ಅಲ್ಲಿಂದ ಬೆಂಗೇರಿ. ಹಡಗು ಹತ್ತುವವರು ಇಲ್ಲಿಗೆ ಬರಲೇಬೇಕು ಎಂದು ನಾನು ಹಟ ಮಾಡುತ್ತೇನೆ, ಕಾರಣ ಆಮೇಲೆ ಹೇಳುತ್ತೇನೆ. 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇರುವುದು ಇಲ್ಲೇ. ಖಾದಿಯ ರಾಷ್ಟ್ರಧ್ವಜ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನೊಂದಿಗೆ ತಯಾರಾಗುವ ಜಾಗ. ನಮ್ಮ ದೇಶದ ಮಾನಕಗಳ ಪಟ್ಟಿಯಲ್ಲಿ ಐಎಸ್ 1 ಎಂಬ ಮೊದಲ ನಂಬರು ಧ್ವಜದ್ದೇ. ಅಳತೆ ಒಂಬತ್ತು: ಮೇಜಿನ ಮೇಲಿಡುವ 150×100 ಮಿಲಿಮೀಟರಿನಿಂದ ಹಿಡಿದು 6300×4200 ಮಿಲಿಮೀಟರಿನವರೆಗೆ. ಯಾವುದೇ ಅಳತೆಯಾದರೂ ಉದ್ದ–ಅಗಲ 3ಕ್ಕೆ 2. ಬಟ್ಟೆ ಬರುವುದು ಧಾರವಾಡ ತಾಲೂಕಿನ ಗರಗ, ಬಾಗಲಕೋಟೆ ಕಡೆಯ ತುಳಸಿಗೇರಿಯಂಥ ಊರುಗಳ ಮಗ್ಗದಿಂದ.

ಕಷ್ಟದ ಕೆಲಸ ಚಕ್ರದ್ದು. ಬಿಳಿ ಪಟ್ಟಿಯ ಒಂದು ಬದಿಗೆ 24 ಅರಗಳ ಚಕ್ರ ಅಚ್ಚು ಹಾಕಿ, ತಿರುವಿ, ಅದರ ಬೆನ್ನಿಗೇ ಇನ್ನೊಂದು ಚಕ್ರ ಅಚ್ಚು ಹಾಕಬೇಕು. ಬೆಳಕಿಗೆ ಹಿಡಿದರೆ ಎರಡೂ ಒಂದೇ ಆಗಿ ಕಾಣಬೇಕು. ಕೂದಲೆಳೆಯಷ್ಟು ಸರಿದರೂ ಒಂದೊಂದು ಅರ ಎರಡೆರಡಾಗಿ ಕಾಣುತ್ತದೆ, ಆ ತುಂಡು ಬದಿಗೆ. ಬಣ್ಣ, ನೂಲಿನ ಎಣಿಕೆ, ಹೊಲಿಗೆ ಎಲ್ಲದಕ್ಕೂ ಇದೇ ಕಟ್ಟುನಿಟ್ಟು. ಹೊಲಿಯುವವರು ಬಹುಪಾಲು ಹೆಣ್ಣುಮಕ್ಕಳು. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಯಂತ್ರದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಸಿಕ್ಕ ಮೇಲೆ ಕೈನೂಲಿನ ಈ ಕೆಲಸಕ್ಕೆ ಪೈಪೋಟಿ ಜೋರಾಗಿದೆ. ಘಟಕದ ಒಳಗೆ ಹೋಗಬೇಕೆಂದರೆ ಕಚೇರಿಯಲ್ಲಿ ಕೇಳಿ. ಕೆಲಸದ ಹೊತ್ತು, ಕೆಲಸದ ದಿನ ಮಾತ್ರ ಹೋಗಿ.

ಕಾರಣ ಇದು. ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ನಮ್ಮ ಬಂದರಿಗೆ ಬಂದಾಗ, ತನ್ನ ದೇಶದ ಧ್ವಜ ಹಿಂಭಾಗದಲ್ಲಿ ಹಾರಿಸಿ, ಮೇಲೆ ಮಾಸ್ಟಿನಲ್ಲಿ ಮರ್ಯಾದೆಗೆಂದು ಆತಿಥೇಯ ದೇಶದ ಧ್ವಜ ಹಾರಿಸುವುದು ಸಮುದ್ರದ ರಿವಾಜು. ಕ್ರೂಸ್ ಹಡಗುಗಳಲ್ಲಿ ಬಹಳಷ್ಟು ಪರದೇಶದ ನೋಂದಣಿಯವೇ. ನಾಳೆ ಮುರಗಾವ್‌ನಲ್ಲಿ ಸಾಲಿನಲ್ಲಿ ನಿಂತಾಗ ತಲೆ ಎತ್ತಿ ನೋಡಿದರೆ ಎರಡು ಧ್ವಜ ಯಾಕೆ ಎಂದು ಮಕ್ಕಳಿಗೆ ಹೇಳಬಹುದು.

ಹತ್ತೂವರೆ–ಹನ್ನೊಂದಕ್ಕೆ ಚಿಗರಿ ಹತ್ತಿ. ಹುಬ್ಬಳ್ಳಿ–ಧಾರವಾಡ ನಡುವೆ ರಸ್ತೆಯ ಮಧ್ಯದ ಬೇರೆ ಪಥದಲ್ಲೇ ಓಡುವ ಬಸ್ಸು ಇದು. ನಿಲ್ದಾಣವೂ ರಸ್ತೆ ನಡುವೆಯೇ. ಟಿಕೆಟ್ಟನ್ನು ಹತ್ತುವ ಮೊದಲೇ ನಿಲ್ದಾಣದ ಕೌಂಟರಿನಲ್ಲಿ ತೆಗೆಸಿ ಗೇಟಿನಲ್ಲಿ ತೋರಿಸಬೇಕು, ಇಳಿದ ಮೇಲೂ ಬೇಕಾಗುತ್ತದೆ, ಚುರಮರಿ ಪೊಟ್ಟಣದ ಜೊತೆ ಎಸೆಯಬೇಡಿ. ಎಲ್ಲ ನಿಲ್ದಾಣದಲ್ಲೂ ನಿಲ್ಲುವ ಬಸ್ಸು ಬೇರೆ, ಕೆಲವೇ ಕಡೆ ನಿಲ್ಲುವುದು ಬೇರೆ. ಬೋರ್ಡ್ ನೋಡದೆ ಹತ್ತಿದವರು ತಮ್ಮ ನಿಲ್ದಾಣ ಕಿಟಕಿಯಲ್ಲಿ ಹಿಂದೆ ಸರಿಯುವುದನ್ನು ನೋಡುತ್ತ ಕೂರಬೇಕಾಗುತ್ತದೆ. ಮುಕ್ಕಾಲು ತಾಸು ಹಿಡಿದುಕೊಳ್ಳಿ.

ಧಾರವಾಡದಲ್ಲಿ ಜಾಗ ಬಹಳ, ಆದರೆ ಆಯ್ಕೆ ಎರಡೇ ಇಟ್ಟುಕೊಳ್ಳಿ. ಒಂದು ಸಾಧನಕೇರಿ: ಬೇಂದ್ರೆಯವರ ಮನೆ, ಎದುರಿಗೆ ಕೆರೆ, ಕೂರಲು ನೆರಳು. ಇನ್ನೊಂದು ಲೈನ್ ಬಜಾರ್, ಪೇಢೆಗೆ. ಉತ್ತರ ಪ್ರದೇಶದ ಉನ್ನಾವದಿಂದ ಬಂದ ಠಾಕೂರ್ ಮನೆತನ ಹತ್ತೊಂಬತ್ತನೆಯ ಶತಮಾನದಲ್ಲಿ ತಂದ ತಿಂಡಿ ಇದು. ಮಿಶ್ರಾ ಮನೆತನದ್ದು 1933ರಿಂದ. ಹಾಲು ಬತ್ತಿಸಿದ ಖೋವಾಕ್ಕೆ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕಂದು ಬಣ್ಣ ಬರುವವರೆಗೆ ಕೈ ಬಿಡದೆ ಹುರಿಯುತ್ತಾರೆ. ಬಿಳಿ ಪೇಢೆಗಿಂತ ಇದು ಹೆಚ್ಚು ದಿನ ಬಾಳುವುದು ಈ ಹುರಿತದಿಂದ ನೀರಿನಂಶ ಹೋಗುವುದಕ್ಕೆ. ಆರಿದ ಮೇಲೆ ಉಂಡೆ ಮಾಡಿ ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ.

ಇವತ್ತು ನಾಲ್ಕು ತಿನ್ನಿ, ಕಟ್ಟಿಸಿಕೊಳ್ಳಬೇಡಿ. ಕರಾವಳಿಯ ಗಾಳಿಯ ತೇವಕ್ಕೆ ಹೊರಗಿನ ಸಕ್ಕರೆ ನೀರೊಡೆದು ಪೇಢೆ ಒಂದಕ್ಕೊಂದು ಅಂಟುತ್ತವೆ. ಕ್ಯಾಬಿನ್ನಿನ ಫ್ರಿಜ್ಜಿನಲ್ಲಿಟ್ಟು ಹೊರತೆಗೆದರೆ ಇನ್ನೂ ಬೇಗ. ಅದಕ್ಕಿಂತ ಹೆಚ್ಚಾಗಿ, ಹೊರಗಿನ ತಿನಿಸಿಗೆ ಬಹಳಷ್ಟು ಹಡಗಿನಲ್ಲಿ ಬಿಡುಗಡೆ ಇಲ್ಲ. ಮನೆಯ ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ ಭರಣಿ ಎಲ್ಲ ಬಂದರಿನ ತಪಾಸಣೆಯಲ್ಲೇ ಉಳಿಯುತ್ತವೆ. ನಮ್ಮ ಕಡೆಯವರಿಗೆ ಇದು ಎಲ್ಲಕ್ಕಿಂತ ದೊಡ್ಡ ಆಘಾತ. ಸೀಲ್ ಆದ ಪೊಟ್ಟಣಕ್ಕೆ ಕೆಲವರು ಬಿಡುತ್ತಾರೆ. ಟಿಕೆಟ್ಟಿನ ಷರತ್ತಿನಲ್ಲಿ ಓದಿಕೊಳ್ಳಿ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಕೂಡ ಬೆಂಕಿಯ ಭಯಕ್ಕೆ ಒಳಗೆ ಬಿಡುವುದಿಲ್ಲ.

ಇತಿಹಾಸ, ಶಿಲ್ಪದ ಹುಚ್ಚು ಇದ್ದವರು ಧಾರವಾಡ ಬಿಟ್ಟು ಗದಗಕ್ಕೆ ಹೋಗಬಹುದು. ರೈಲಿನಲ್ಲಿ ಸುಮಾರು 58 ಕಿ.ಮೀ. ತ್ರಿಕೂಟೇಶ್ವರ, ವೀರನಾರಾಯಣ ಗುಡಿ ಊರಲ್ಲೇ. ಲಕ್ಕುಂಡಿ ಕೊಪ್ಪಳ ರಸ್ತೆಯಲ್ಲಿ ಮತ್ತೆ 12 ಕಿ.ಮೀ. ಸಮಯ ಒಂದಕ್ಕೇ ಇದ್ದರೆ ಲಕ್ಕುಂಡಿ: ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ, ಕಾಶಿವಿಶ್ವನಾಥ, ಮಾಣಿಕೇಶ್ವರದ ಪಕ್ಕದ ಮುಸುಕಿನ ಬಾವಿ. ಮೂರಕ್ಕೆ ವಾಪಸ್ ಗದಗ ಬಿಡಬೇಕು. ಧಾರವಾಡ, ಗದಗ ಎರಡೂ ಒಂದೇ ದಿನ ಬೇಡ, ಕಾಲು ಸೋತು ಹಡಗಿನ ಮೊದಲ ಸಂಜೆ ಮಲಗಿಯೇ ಕಳೆಯುತ್ತೀರಿ.

ಊಟದ ವಿಷಯದಲ್ಲಿ ಒಂದು ಕಿವಿಮಾತು. ಹುಬ್ಬಳ್ಳಿಗೆ ಬಂದವರೆಲ್ಲ ಸಾವಜಿ ಖಾನಾವಳಿ ಹುಡುಕುತ್ತಾರೆ. ಆ ಕೆಂಪು ರಸ, ಮೇಲೆ ತೇಲುವ ಎಣ್ಣೆ, ಖಾರ ಎಲ್ಲ ಸರಿ, ಆದರೆ ಮೊದಲ ಸಲ ಸಮುದ್ರಕ್ಕೆ ಇಳಿಯುವವರ ಹೊಟ್ಟೆಗೆ ಹಿಂದಿನ ರಾತ್ರಿ ಅದು ಬೇಡ. ಮಧ್ಯಾಹ್ನವೇ ಮುಗಿಸಿ, ಇಲ್ಲವೇ ಮರಳಿ ಬರುವಾಗ ಉಣ್ಣಿ. ಹಳೇ ಹುಬ್ಬಳ್ಳಿಯ ಸಿದ್ಧಾರೂಢ ಮಠದ ದಾಸೋಹದ ಊಟ ಈ ದಿನಕ್ಕೆ ಹೆಚ್ಚು ಹೊಂದುತ್ತದೆ. ತಲೆ ಸುತ್ತು, ವಾಂತಿಯ ಮಾತ್ರೆ ಬೇಕಿದ್ದರೆ ಇವತ್ತೇ ವೈದ್ಯರನ್ನು ಕೇಳಿ ಊರಲ್ಲೇ ಕೊಳ್ಳಿ. ಹಡಗು ಓಲಾಡಲು ಶುರುವಾದ ಮೇಲೆ ನುಂಗಿದರೆ ಅಷ್ಟು ಉಪಯೋಗವಿಲ್ಲ, ಮುಂಚೆಯೇ ತೆಗೆದುಕೊಂಡಿರಬೇಕು. ಕೆಲವು ಮಾತ್ರೆಗಳಿಗೆ ನಿದ್ದೆ ಬರುತ್ತದೆ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರಿಗೆ ಕೇಳದೆ ಕೊಡಲೇಬಾರದು.

ಸಂಜೆ ದುರ್ಗದ ಬೈಲು. ಗಿರಮಿಟ್ ತಿನ್ನಲು ಗಾಡಿಯ ಹತ್ತಿರವೇ ನಿಲ್ಲಿ, ಕಟ್ಟಿಸಿಕೊಂಡು ರೂಮಿಗೆ ಒಯ್ಯಬೇಡಿ. ಉಳ್ಳಾಗಡ್ಡಿ, ಹುಣಸೆರಸ, ಬೆಲ್ಲ, ಅರಿಸಿನ ಹಾಕಿ ಒಗ್ಗರಿಸಿದ ಗೊಜ್ಜನ್ನು ಚುರಮರಿಗೆ ಸುರಿದು, ಪುಠಾಣಿ ಹಿಟ್ಟು ಉದುರಿಸಿ ಕಲಸುತ್ತಾರೆ. ಹಿಟ್ಟು ಗೊಜ್ಜಿನ ನೀರು ಹೀರಿಕೊಂಡು ಚುರಮರಿಯನ್ನು ಎರಡು–ಮೂರು ನಿಮಿಷ ಗರಿಯಾಗಿಡುತ್ತದೆ, ಆಮೇಲೆ ಅದೂ ಸೋಲುತ್ತದೆ. ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು, ಪಕ್ಕಕ್ಕೆ ಮಿರ್ಚಿ. ಹಾಗೇ ಅಲ್ಲೇ ಸುತ್ತಮುತ್ತ ಝೆರಾಕ್ಸ್ ಅಂಗಡಿಯಲ್ಲಿ ಬೋರ್ಡಿಂಗ್ ಪಾಸು, ಲಗೇಜ್ ಟ್ಯಾಗು ಪ್ರಿಂಟ್ ತೆಗೆಸಿ, ಟ್ಯಾಗಿನ ಮೇಲೆ ಪಾರದರ್ಶಕ ಟೇಪು ಹಚ್ಚಿಸಿ. ಬಂದರಿನಲ್ಲಿ ದೊಡ್ಡ ಚೀಲ ಅವರ ಕೈಗೆ ಹೋದರೆ ಕ್ಯಾಬಿನ್ನಿಗೆ ತಾಸುಗಟ್ಟಲೆ ತಡವಾಗಿ ಬರುತ್ತದೆ. ಟ್ಯಾಗ್ ಹರಿದಿದ್ದರೆ ಇನ್ನೂ ತಡ. ಔಷಧಿ, ಚಾರ್ಜರ್, ಒಂದು ಜೊತೆ ಬಟ್ಟೆ, ಗುರುತಿನ ಚೀಟಿಯ ಅಸಲು ಪ್ರತಿ ಹೆಗಲಚೀಲದಲ್ಲಿ.

ರಾತ್ರಿ ಸ್ಟೇಷನ್ನಿಗೆ ಬರುವಾಗ ಪ್ಲಾಟ್‌ಫಾರ್ಮ್ ನಂಬರು ಮೊದಲೇ ನೋಡಿಕೊಳ್ಳಿ. ಎಂಟನೆಯದು 1507 ಮೀಟರ್ ಉದ್ದ, 2023ರ ಮಾರ್ಚ್ 12ರಂದು ಉದ್ಘಾಟನೆಯಾದ, ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್. ಫೋಟೊಕ್ಕೆ ಚೆಂದ, ಚೀಲ ಎಳೆಯುವವರಿಗೆ ಅಲ್ಲ: ಈ ತುದಿಯಿಂದ ಆ ತುದಿಗೆ ಇಪ್ಪತ್ತು ನಿಮಿಷದ ಮೇಲೆ ನಡಿಗೆ. ನಿಮ್ಮ ಬೋಗಿ ಯಾವ ತುದಿಗೆ ನಿಲ್ಲುತ್ತದೆ ಎಂದು ಕೇಳಿಕೊಂಡು, ಅದಕ್ಕೆ ಹತ್ತಿರದ ಬಾಗಿಲಿಗೇ ಆಟೊ ಬಿಡಿಸಿಕೊಳ್ಳಿ. ಗದಗ ರಸ್ತೆ ಕಡೆಯಿಂದಲೂ ಪ್ರವೇಶವಿದೆ. ಆಟೊದವನಿಗೆ ಬರೀ "ಸ್ಟೇಷನ್" ಎಂದರೆ ಮುಂಬಾಗಿಲಿಗೇ ತಂದು ನಿಲ್ಲಿಸುತ್ತಾನೆ.