ಗ್ಯಾರೇಜಿನಲ್ಲೊಂದು ಥರ್ಮಾಕೋಲ್ ಮನೆ

"ಏನೋ ಅದು ಹಿಂದೆ? ಗಣಪತಿಗೆ ಮಂಟಪ ಮಾಡ್ತಿದ್ದೀಯಾ?"

ವಿಡಿಯೋ ಕಾಲ್‌ನಲ್ಲಿ ಅಮ್ಮನ ಕಣ್ಣಿಗೆ ಬಿದ್ದದ್ದು ಅಮೆರಿಕದ ಆರೆಗಾನ್ ರಾಜ್ಯದ ಬೀವರ್ಟನ್‌ನಲ್ಲಿರುವ ನಮ್ಮ ಗ್ಯಾರೇಜಿನ ಗೋಡೆಗೆ ಒರಗಿಸಿಟ್ಟ ಗುಲಾಬಿ ಹಲಗೆಗಳು. 8 ಅಡಿ ಉದ್ದ, 4 ಅಡಿ ಅಗಲ, 2 ಇಂಚು ದಪ್ಪ. ಮಗಳೂ ಒಂದೊಂದನ್ನು ಎತ್ತಿಕೊಂಡು ಓಡಾಡುತ್ತಾಳೆ. ಇಲ್ಲಿ ಚಳಿ ಒಳಗೆ ಬರದಂತೆ ಮನೆಗೋಡೆಗೆ ಹಾಕುವ ಫೋಮ್ ಅದು. ಥರ್ಮಾಕೋಲಿನ ದಾಯಾದಿ, ಆದರೆ ಕೊಯ್ದರೆ ಕಾಳುಕಾಳಾಗಿ ಉದುರುವುದಿಲ್ಲ.

"ಮಲಗೋಕೆ ಗಾಡಿ ಅಮ್ಮ. ಕಾರಿನ ಹಿಂದೆ ಕಟ್ಟಿಕೊಂಡು ಕಾಡಿಗೆ ಹೋಗೋದು."

"ಗಾಳಿಗೆ ಹಾರಿಹೋಗಲ್ವೇನೋ?"

ಪ್ರಶ್ನೆ ಸರಿಯಾದದ್ದೇ. ಆದರೆ ಭಾರದ್ದು ಮಾಡುವ ಹಾಗಿರಲಿಲ್ಲ. ನಮ್ಮ ಕಾರು ಎಳೆಯಬಹುದಾದ್ದು 1,500 ಪೌಂಡ್, ಅಂದರೆ 680 ಕಿಲೋ. ಅಂಗಡಿಯಲ್ಲಿ ಸಿಗುವ ಇಂಥ ಪುಟ್ಟ ಮಲಗುವ ಗಾಡಿಗಳು, ಅಂದರೆ ಕ್ಯಾಂಪರ್‌ಗಳು, ಖಾಲಿ ಇದ್ದಾಗಲೇ ಹೆಚ್ಚುಕಡಿಮೆ ಅಷ್ಟು ತೂಗುತ್ತವೆ. ಟೆಂಟಿಗೋ, ಆರೆಗಾನ್ ಮಳೆ ಬಿಡುವುದಿಲ್ಲ.

ಫೋಮಿನ ಎರಡೂ ಮೈಗೆ ಗಾಜಿನ ಎಳೆಯ ಬಟ್ಟೆ ಹಾಸಿ, ಆಮೇಲೆ ಗಟ್ಟಿಯಾಗುವ ರೆಸಿನ್ ಎಂಬ ಅಂಟುದ್ರವ ಕುಡಿಸಿದರೆ ಹಲಗೆ ಬಾಗುವುದನ್ನೇ ಮರೆಯುತ್ತದೆ. ಬಾಗಬೇಕಾದರೆ ಒಂದು ಮೈಯ ಬಟ್ಟೆ ಹಿಗ್ಗಬೇಕು, ಇನ್ನೊಂದರದ್ದು ಕುಗ್ಗಬೇಕು. ಗಾಜಿನ ಎಳೆ ಎರಡಕ್ಕೂ ಸುಲಭಕ್ಕೆ ಒಪ್ಪುವುದಿಲ್ಲ. ನಡುವಿನ ಫೋಮಿಗೆ ಇವೆರಡನ್ನೂ ದೂರ ಹಿಡಿದಿಡುವುದಷ್ಟೇ ಕೆಲಸ. 1975ರಲ್ಲಿ ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಇದೇ ಉಪಾಯದಿಂದ ವೇರಿಈಜಿ ಎಂಬ ಪುಟ್ಟ ವಿಮಾನ ಹಾರಿಸಿದ. ಆಮೇಲೆ ಎಷ್ಟೋ ಜನ ಅದರ ನಕ್ಷೆ ತರಿಸಿಕೊಂಡು ತಮ್ಮ ಗ್ಯಾರೇಜಿನಲ್ಲೇ ವಿಮಾನ ಕಟ್ಟಿದರು. ಹಾರುವುದಕ್ಕೆ ಆದದ್ದು ಮಲಗುವುದಕ್ಕೆ ಆಗದೇ?

ರೆಸಿನ್ ಮಾತ್ರ ನೋಡಿ ತರಬೇಕು. ಅಗ್ಗಕ್ಕೆ ಸಿಕ್ಕಿತೆಂದು ಮೊದಲು ಪಾಲಿಯೆಸ್ಟರ್ ರೆಸಿನ್ ತಂದೆ. ತುಂಡು ಫೋಮಿಗೆ ಸವರಿದರೆ, ಬಿಸಿ ಕಾವಲಿ ಮೇಲೆ ಬೆಣ್ಣೆ ಇಟ್ಟ ಹಾಗೆ ಫೋಮ್ ಕುಸಿದು ಗುಂಡಿ ಬಿತ್ತು. ಚಿಕ್ಕಂದಿನಲ್ಲಿ ಪೆಟ್ರೋಲಿಗೆ ಥರ್ಮಾಕೋಲ್ ಹಾಕಿ ಕರಗಿಸಿ ಗೋಂದು ಮಾಡುತ್ತಿದ್ದವನಿಗೆ ಇದು ಹೊಳೆಯಬೇಕಿತ್ತು! ಆ ರೆಸಿನ್‌ನಲ್ಲಿರುವ ಸ್ಟೈರೀನ್ ಎಂಬ ದ್ರವ, ಈ ಫೋಮಿನ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ ಆದರೆ ತಂಟೆಯಿಲ್ಲ, ಬೆಲೆ ಮಾತ್ರ ಎದೆಗೆ ಹೊಡೆಯುತ್ತದೆ.

ನವೆಂಬರ್ ಚಳಿಗೆ ಆ ಎಪಾಕ್ಸಿ ಜೇನುತುಪ್ಪದ ಹಾಗೆ ಮಂದವಾಗಿ, ಬಟ್ಟೆಗೆ ಇಳಿಯಲೇ ಇಲ್ಲ. ಬಾಟಲಿಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟೆ. ಸಲೀಸಾಗಿ ಹರಿಯಿತು. ಆ ಖುಷಿಯಲ್ಲಿ ಒಂದು ಡಬ್ಬದ ತುಂಬ ಕಲಸಿಟ್ಟು, ಚಾವಣಿಯ ಬಟ್ಟೆಯ ಗುಳ್ಳೆ ಒತ್ತುತ್ತಾ ನಿಂತೆ.

"ರೀ, ಡಬ್ಬ ಹೊಗೆಯಾಡ್ತಿದೆ ಕಣ್ರೀ!"

ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಶಾಖ ಹುಟ್ಟಿಸುತ್ತದೆ. ಬಟ್ಟೆಯ ಮೇಲೆ ತೆಳ್ಳಗೆ ಹರಡಿದರೆ ಆ ಶಾಖ ಆರಿಹೋಗುತ್ತದೆ. ಡಬ್ಬದಲ್ಲಿ ರಾಶಿಯಾಗಿದ್ದರೆ ಒಳಗೇ ಏರುತ್ತದೆ. ಮೊದಲೇ ಬೆಚ್ಚಗಿದ್ದದ್ದು ಬೇರೆ. ಇಕ್ಕಳದಲ್ಲಿ ಹಿಡಿದು ಅಂಗಳಕ್ಕೆ ಒಯ್ಯುವಷ್ಟರಲ್ಲಿ ಪ್ಲಾಸ್ಟಿಕ್ ಡಬ್ಬ ಸೊಟ್ಟಗಾಗಿತ್ತು. ಅಂದಿನಿಂದ ಕಲಸುವ ಲೆಕ್ಕವೆಲ್ಲ ಹೆಂಡತಿಯದ್ದೇ: ಒಂದು ಸಲಕ್ಕೆ ಒಂದು ಲೋಟ, ಕಲಸಿದ ಕೂಡಲೇ ಅಗಲ ತಟ್ಟೆಗೆ.

ಗಟ್ಟಿಯಾದ ಮೇಲೆ ಮೈ ನಯವಾಗಿಸಲು ಉಜ್ಜುವ ಕೆಲಸದ ಬಗ್ಗೆ ಬರೆಯುವುದಿಲ್ಲ. ಮಾಸ್ಕ್ ಹಾಕಿ, ಪೂರ್ತಿ ತೋಳಿನ ಅಂಗಿ ತೊಡಿ, ಇಲ್ಲದಿದ್ದರೆ ವಾರವಿಡೀ ಗಾಜಿನ ಪುಡಿಗೆ ಮೈ ಕೆರೆದುಕೊಳ್ಳುತ್ತೀರಿ.

ಮೇ ತಿಂಗಳಲ್ಲಿ ಗಾಡಿಯನ್ನು ಅಡಿಯ ಚಕ್ರದ ಟ್ರೇಲರ್ ಸಮೇತ ತೂಗಿಸಿದರೆ 320 ಕಿಲೋ. ಮೌಂಟ್ ಹುಡ್ ಬೆಟ್ಟ ದಾಟಿ ಡಶೂಟ್ಸ್ ಕಾಡಿನಲ್ಲಿ ಮೊದಲ ರಾತ್ರಿ. ಗಾಳಿ ಜೋರಿತ್ತು, ಹಾರಿಹೋಗಲಿಲ್ಲ. ಆದರೆ ಬೆಳಗಿನ ಜಾವ ಹಣೆ ಮೇಲೆ ತೊಟ್ಟು ಬಿತ್ತು. ಮಳೆ ಸೋರುತ್ತಿದೆಯೆಂದು ಗಾಬರಿಯಾಗಿ ಬಾಗಿಲು ತೆಗೆದರೆ ಹೊರಗೆ ನಕ್ಷತ್ರ! ಮೂವರ ಉಸಿರೇ ಚಾವಣಿಯಲ್ಲಿ ನೀರಾಗಿ ಕೂತಿತ್ತು. ಗಾಳಿಯಾಡದ ಹಾಗೆ ಅಷ್ಟು ಚೆನ್ನಾಗಿ ಮುಚ್ಚಿದವನು ನಾನೇ.

ಮನೆಗೆ ಬಂದು, ಆರು ತಿಂಗಳು ಬೆವರು ಸುರಿಸಿದ ಚಾವಣಿಯಲ್ಲೇ ಫ್ಯಾನಿಗೆಂದು 14 ಇಂಚಿನ ಚೌಕ ಕೊಯ್ದೆ. ಆ ತುಂಡು ಈಗ ಮಗಳ ಮಣೆ. ಕಾಡಿಗೆ ಹೋದಾಗಲೆಲ್ಲ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಚಿತ್ರಾನ್ನ ತಿನ್ನುತ್ತಾಳೆ. ಅಮ್ಮನಿಗೆ ಆ ಫೋಟೋ ಕಳಿಸಿದ್ದೇನೆ.