11ನೇ ಕಲಂನಲ್ಲಿ ಏನೂ ಇರಲಿಲ್ಲ

ಚಳ್ಳಕೆರೆಯಲ್ಲಿ ನನ್ನದು ಪತ್ರ ಬರೆಯುವ ಕೆಲಸ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಏನು ಬೇಕಾದರೂ ಬರೆಯುತ್ತೇನೆ. ಮೊದಲು ಛಾಪಾ ಕಾಗದದ ಮೇಲೆ ಕೈಬರಹ, ಆಮೇಲೆ ಟೈಪ್‌ರೈಟರ್, ಈಗ ನೋಂದಣಿ ಇಲಾಖೆಯ ಕಾವೇರಿ 2.0 ಅಂತ ಕಂಪ್ಯೂಟರ್ ಮುಂದೆ ಕೂತು ಸರ್ವರ್ ಯಾವಾಗ ಬರುತ್ತೋ ಅಂತ ಕಾಯುವುದು. ಈಚೆಗೆ ನನ್ನ ಟೇಬಲ್ಲಿಗೆ ಜಾಸ್ತಿ ಬರುತ್ತಿರುವುದು ಅಲಿನೇಷನ್ ಕೇಸುಗಳು. ಶೇಂಗಾ ಬಿತ್ತುತ್ತಿದ್ದ ಹೊಲವನ್ನು ಗೋಡೌನಿಗೋ, ಸಣ್ಣ ಫ್ಯಾಕ್ಟರಿಗೋ, ಸೈಟಿಗೋ ಬದಲಾಯಿಸಿಕೊಡಿ ಅನ್ನುವ ಅರ್ಜಿಗಳು. ಬರುವವರಲ್ಲಿ ತುಂಬಾ ಜನ ನಾಯಕನಹಟ್ಟಿ ಕಡೆಯವರು, ಕುದಾಪುರ, ವರವು ಕಾವಲಿನ ಸುತ್ತಮುತ್ತಲ ಹಳ್ಳಿಯವರು.

ಕಾರಣ ಎಲ್ಲರಿಗೂ ಗೊತ್ತು. ಅಲ್ಲಿ ರನ್‌ವೇ ಇದೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್. 2017ರ ಮೇ 28ರಂದು ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಬಂದು ಉದ್ಘಾಟನೆ ಮಾಡಿದರು. ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸಿ ನೋಡುವ ಮಿಲಿಟರಿ ಏರ್‌ಫೀಲ್ಡ್ ಅದು. ಅದರ ಪಕ್ಕದಲ್ಲಿ ಐಐಎಸ್ಸಿ, ಇಸ್ರೋ. ಉಳ್ಳಾರ್ತಿ ಕಡೆ ಅಣು ಸಂಶೋಧನೆಯ ಬಾರ್ಕ್. ಬ್ರೋಕರ್‌ಗಳ ಬಾಯಲ್ಲಿ ಈಗ ಇಡೀ ಸೀಮೆಯೇ ‘ಸೈನ್ಸ್ ಸಿಟಿ’. ಹತ್ತು ವರ್ಷ ಮಳೆ ನೋಡದ ಹಾಗಿರುವ ಎರಡೆಕರೆಗೂ ಅದೇ ಹೆಸರು.

ನಿಮ್ಮ ಸ್ವಂತ ಹೊಲದಲ್ಲಿ ಒಂದು ಗೋಡೌನ್ ಕಟ್ಟಬೇಕು ಅಂದುಕೊಳ್ಳಿ. ಭೂ ಕಂದಾಯ ಕಾಯ್ದೆ 1964ರ ಸೆಕ್ಷನ್ 95ರ ಪ್ರಕಾರ ಡಿಸಿಯವರ ಅನುಮತಿ ಬೇಕು. ಪಹಣಿ ಬೇಕು, ಮ್ಯುಟೇಶನ್ ಬೇಕು, ಹೊಲದ ಒಂದು ಭಾಗ ಮಾತ್ರ ಆದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ಅಫಿಡವಿಟ್ ಬೇಕು. ಜಂಟಿ ಖಾತೆ ಆದರೆ ಎಲ್ಲರ ಸಹಿ ಬೇಕು, ದುಬೈನಲ್ಲಿ ಇರುವ ತಮ್ಮನದೂ ಸೇರಿ. ಮಾಸ್ಟರ್ ಪ್ಲಾನ್ ಇರುವ ಕಡೆ ಹಸಿರು ಬಣ್ಣದ ಕೃಷಿ ವಲಯವನ್ನು ಕೈಗಾರಿಕಾ ವಲಯ ಮಾಡಬೇಕಾದರೆ ಅದು ಇನ್ನೊಂದು ಕಥೆ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಪ್ರಕಾರ ಪ್ರಕಟಣೆ ಕೊಡಬೇಕು, ಆಕ್ಷೇಪಣೆ ಕರೆಯಬೇಕು. ಜನ ಇದನ್ನೆಲ್ಲ ಬೈಯುತ್ತಾರೆ. ನಾನು ಬೈಯುವುದಿಲ್ಲ. ನನ್ನ ಹೊಟ್ಟೆಪಾಡು ಅದರಲ್ಲೇ ಇದೆ ಅನ್ನುವುದು ಒಂದು. ಒಬ್ಬರ ಜಮೀನಿನ ಹಣೆಬರಹ ಬದಲಾಗುವಾಗ ಪಕ್ಕದವನಿಗೂ ಒಂದು ಮಾತು ಹೇಳುವ ಜಾಗ ಇರಲಿ ಅನ್ನುವುದು ಇನ್ನೊಂದು.

ಈಗ ಕಾವಲಿನ ವಿಷಯ.

ವರವು ಕಾವಲು, ಉಳ್ಳಾರ್ತಿ ಕಾವಲು, ಇವೆಲ್ಲ ಅಮೃತ್ ಮಹಲ್ ಕಾವಲುಗಳು. ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಶುರುವಾಗಿ, ಟಿಪ್ಪು ಕಾಲದಲ್ಲಿ ಅಮೃತ್ ಮಹಲ್ ಆದ ದನಗಳ ಇಲಾಖೆಗೆ ಬಿಟ್ಟ ಮೇವಿನ ಭೂಮಿ. ಆ ತಳಿಯ ಎತ್ತುಗಳು ಫಿರಂಗಿ ಎಳೆದವು ಅಂತ ಇತಿಹಾಸದವರು ಹೇಳುತ್ತಾರೆ. ಒಂದು ಲೆಕ್ಕದಲ್ಲಿ ಆ ಜಮೀನು ಮೊದಲಿನಿಂದಲೂ ಮಿಲಿಟರಿಯದೇ ಅನ್ನಿ! ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಅಲ್ಲಿ ಮೇಯುತ್ತಿದ್ದುದು ಸುತ್ತಲಿನ ಹಳ್ಳಿಗಳ ಕುರಿ, ಮೇಕೆ, ದನ. ಮ್ಯಾಸಬೇಡರ ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿಗಳು. ಕುರಿ ಉಣ್ಣೆಯಿಂದ ಕಂಬಳಿ ನೇಯುವವರು. ಬೇಸಿಗೆಯಲ್ಲಿ ಕಸಬರಿಗೆ ಹುಲ್ಲು ಕೊಯ್ದು ಸಂತೆಗೆ ತರುವ ಹೆಂಗಸರು. ಕೃಷ್ಣಮೃಗಗಳೂ ಇದ್ದವು.

ನಮ್ಮ ಸೋದರಮಾವ ಕುರಿ ಸಾಕಿದವರು. ಅವರ ಮಂದೆ ಬೆಳಿಗ್ಗೆ ಹಟ್ಟಿಯಿಂದ ಹೊರಟರೆ ಕಾವಲಿಗೆ ಹೊಕ್ಕು ಸಂಜೆಗೆ ವಾಪಸ್. ಯಾರನ್ನೂ ಕೇಳಬೇಕಿರಲಿಲ್ಲ.

2009-10ರ ಸುಮಾರಿಗೆ ಈ ಕಾವಲುಗಳು ಹಂಚಿಹೋದವು. ಡಿಆರ್‌ಡಿಒಗೆ 4,290 ಎಕರೆ. ಬಾರ್ಕ್‌ಗೆ 1,810. ಐಐಎಸ್ಸಿಗೆ 1,500. ಇಸ್ರೋಗೆ 573. ಒಂದು ಖಾಸಗಿ ಸೋಲಾರ್ ಕಂಪನಿಗೆ 1,250. ಎಲ್ಲಾ ಕೂಡಿಸಿದರೆ 9,000 ಎಕರೆ ದಾಟುತ್ತದೆ. ಹಳ್ಳಿಯ ಹೆಚ್ಚಿನ ಜನಕ್ಕೆ ಇದು ಗೊತ್ತಾಗಿದ್ದು ಕಲ್ಲಿನ ಗೋಡೆ ಏಳಲು ಶುರುವಾದಾಗ. ಪ್ರತಿಭಟನೆ ಆಯಿತು, ಪರಿಸರದವರು ಜೊತೆಗೆ ನಿಂತರು, ಚೆನ್ನೈನ ಹಸಿರು ನ್ಯಾಯಮಂಡಳಿವರೆಗೂ ಕೇಸು ಹೋಯಿತು. 2013ರಲ್ಲಿ ಪರಿಶೀಲನೆಗೆ ಸಮಿತಿಯೂ ಬಂತು. ಕೊನೆಗೆ ಯೋಜನೆಗಳು ಉಳಿದವು, ಗೋಡೆಯೂ ಉಳಿಯಿತು.

ಮಾವನನ್ನು ಆಗ ನಾನು ಕೇಳಿದ್ದೆ, “ನಿಮಗೆ ಯಾರೂ ನೋಟಿಸ್ ಕೊಡಲಿಲ್ವಾ?”

“ಕುರಿಗೆ ನೋಟಿಸ್ ಕೊಡ್ತಾರೇನಪ್ಪಾ?” ಅಂದರು.

ನಗು ಬಂತು. ಆದರೆ ಅವರು ಹೇಳಿದ್ದು ಸರಿಯಾಗೇ ಇತ್ತು, ಅದನ್ನು ನಾನು ಕಾಗದದಲ್ಲೇ ತೋರಿಸಬಲ್ಲೆ.

ಪಹಣಿ ನೋಡಿದವರಿಗೆ ಗೊತ್ತಿರುತ್ತದೆ. 9ನೇ ಕಲಂನಲ್ಲಿ ಸ್ವಾಧೀನದಾರರ ಹೆಸರು, ತಂದೆ ಹೆಸರು. 10ರಲ್ಲಿ ಜಮೀನು ಹೇಗೆ ಬಂತು ಅನ್ನುವುದು. 11ರಲ್ಲಿ ಇತರೆ ಹಕ್ಕುಗಳು ಮತ್ತು ಋಣಗಳು. 12ರಲ್ಲಿ ಯಾರು ಉಳುತ್ತಾರೆ, ಏನು ಬೆಳೆದಿದ್ದಾರೆ. ಈ 11ನೇ ಕಲಂ ಇದೆಯಲ್ಲ, ಅದು ಬಹಳ ಚುರುಕಿನ ಕಲಂ. ಸೊಸೈಟಿಯಿಂದ 20 ಸಾವಿರ ಬೆಳೆಸಾಲ ತಗೊಂಡರೆ ಅಲ್ಲಿ ಕೂತಿರುತ್ತದೆ. ಸಾಲ ತೀರಿಸಿ ವರ್ಷ ಕಳೆದರೂ ಕೆಲವು ಸಲ ಅಲ್ಲೇ ಕೂತಿರುತ್ತದೆ, ಬಿಡಿ. ಕೋರ್ಟ್ ತಡೆಯಾಜ್ಞೆ ಇದ್ದರೆ ಬರುತ್ತದೆ.

ಕಾವಲಿನ ಒಂದು ಸರ್ವೆ ನಂಬರಿನ ಹಳೇ ಪಹಣಿ ನನ್ನ ಹತ್ತಿರ ಈಗಲೂ ಇದೆ. 9ರಲ್ಲಿ ಸರ್ಕಾರಿ, ಅಮೃತ್ ಮಹಲ್ ಕಾವಲು. 12ರಲ್ಲಿ ಬೆಳೆ ಇಲ್ಲ, ಉಳುವವರಿಲ್ಲ. 11ರಲ್ಲಿ ಏನೂ ಇಲ್ಲ. ತಲೆತಲಾಂತರದಿಂದ ಮೇಯಿಸಿದವರದ್ದು ಒಂದು ಅಕ್ಷರ ಇಲ್ಲ. ಕಚೇರಿಯಲ್ಲಿ ಕೂತ ಅಧಿಕಾರಿ ಈ ಹಾಳೆ ನೋಡಿದರೆ ಏನು ತಿಳಿಯುತ್ತಾನೆ? ಸರ್ಕಾರದ ಜಮೀನು, ಯಾರ ತಕರಾರೂ ಇಲ್ಲ, ಕೊಡಬಹುದು. ಅವನು ಕೆಟ್ಟವನಾಗಬೇಕಾದ ಅಗತ್ಯವೇ ಇಲ್ಲ. ನೋಟಿಸ್ ಕೊಡಬೇಕು ಅಂದರೂ ಯಾರ ಹೆಸರಿಗೆ ಕೊಡುತ್ತಾನೆ?

ಭೂ ಕಂದಾಯ ನಿಯಮಗಳಲ್ಲಿ 97ನೇ ನಿಯಮ ಅಂತ ಒಂದಿದೆ. 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು ಅನ್ನುತ್ತದೆ. ಕಾವಲು ಗೋಮಾಳ ಅಲ್ಲ, ಅದರ ಲೆಕ್ಕ ಬೇರೆ, ಗೊತ್ತು. ಆದರೂ ಸುಮ್ನೆ ಕೂಡಿ ಕಳೆದು ನೋಡಿದೆ. 9,000 ಎಕರೆ ಅಂದರೆ ಆ ನಿಯಮದ ಪ್ರಕಾರ 30 ಸಾವಿರ ದನದ ಮೇವು. ಅಷ್ಟು ದೊಡ್ಡ ಹುಲ್ಲುಗಾವಲಿನ ಉಪಯೋಗ ಬದಲಾಯಿತು. ನಾನು ಒಂದು ಎಕರೆ ಗೋಡೌನಿಗೆ ಕಟ್ಟುವಷ್ಟು ದಪ್ಪದ ಫೈಲು ಹಳ್ಳಿಯವರ ಕಡೆಯಿಂದ ಬೇಕಾಗಲಿಲ್ಲ.

ಇದನ್ನು ಓದಿ ‘ಇವರು ವಿಜ್ಞಾನದ ವಿರೋಧಿ’ ಅನ್ನುವವರು ಇರುತ್ತಾರೆ. ಅಲ್ಲ ಸ್ವಾಮಿ. 2023ರ ಏಪ್ರಿಲ್ 2ರ ಬೆಳಿಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರು ಇಸ್ರೋದ ಮರುಬಳಕೆ ರಾಕೆಟ್ ಪ್ರಯೋಗದ ರೆಕ್ಕೆಯ ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಮೇಲೆ ಒಯ್ದು ಬಿಟ್ಟಿತು. ಅದು ತಾನಾಗೇ ದಾರಿ ಹುಡುಕಿಕೊಂಡು ನಮ್ಮೂರ ರನ್‌ವೇ ಮೇಲೆ ಇಳಿಯಿತು. ಆಮೇಲೆ 2024ರ ಮಾರ್ಚ್ 22ಕ್ಕೆ ಮತ್ತೊಮ್ಮೆ, ಜೂನ್ 23ಕ್ಕೆ ಮತ್ತೊಮ್ಮೆ, ಪುಷ್ಪಕ್ ಅನ್ನುವ ಹೆಸರಲ್ಲಿ. ಕೊನೆಯ ಸಲ ಇಳಿದಾಗ ವೇಗ ಗಂಟೆಗೆ 320 ಕಿ.ಮೀ. ಮೀರಿತ್ತು. ಟಿವಿಯಲ್ಲಿ ‘ಚಳ್ಳಕೆರೆ’ ಅಂತ ಬಂದಾಗ ನಾನೂ ಅಂಗಡಿಯವರಿಗೆಲ್ಲ ಫೋನ್ ತೋರಿಸಿಕೊಂಡು ಓಡಾಡಿದ್ದೇನೆ. ಕುದಾಪುರದ ಐಐಎಸ್ಸಿ ಕ್ಯಾಂಪಸ್ಸಿನಲ್ಲಿ ಸರ್ಕಾರಿ ಶಾಲೆ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಾರೆ, ಅದು ನಿಜಕ್ಕೂ ಒಳ್ಳೆಯ ಕೆಲಸ.

ಆದರೆ ಏರ್‌ಫೀಲ್ಡ್ ಪಕ್ಕದ ಜಮೀನು ಅಂದರೆ ಬರೀ ರೇಟು ಏರುವ ಜಮೀನು ಅಂತ ಬ್ರೋಕರ್ ಹೇಳಿದ್ದನ್ನು ನಂಬಬೇಡಿ. 2019ರ ಸೆಪ್ಟೆಂಬರ್‌ನಲ್ಲಿ ರುಸ್ತುಂ-2 ಡ್ರೋನ್ ಚಿತ್ರದುರ್ಗದ ಜೋಡಿಚಿಕ್ಕೇನಹಳ್ಳಿ ಹತ್ತಿರ ಬಿತ್ತು. 2023ರ ಆಗಸ್ಟ್‌ನಲ್ಲಿ ತಪಸ್ ಡ್ರೋನ್ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರ ಹೊಲಕ್ಕೆ ಬಿತ್ತು. ಪರೀಕ್ಷೆ ಅಂದಮೇಲೆ ಬೀಳುವುದೂ ಇರುತ್ತದೆ. ರಕ್ಷಣಾ ಕಾಮಗಾರಿ ಕಾಯ್ದೆ ಅಂತ 1903ರದ್ದು ಒಂದಿದೆ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದರೆ ರಕ್ಷಣಾ ನೆಲೆಯ ಸುತ್ತ ಕಟ್ಟಡ ಕಟ್ಟುವುದಕ್ಕೆ ನಿರ್ಬಂಧ ಹಾಕಬಹುದು. ವಿಮಾನ ಹಾರುವ ಕಡೆ ಕಟ್ಟಡದ ಎತ್ತರಕ್ಕೂ ಲೆಕ್ಕ ಇರುತ್ತದೆ. ಯಲಹಂಕದಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ಬಂದಾಗಲೆಲ್ಲ ಸುತ್ತಲಿನ ಮಾಂಸದಂಗಡಿ ಮುಚ್ಚಿಸುತ್ತಾರಲ್ಲ, ಹದ್ದುಗಳು ಬರುತ್ತವೆ ಅಂತ? ಕೋಳಿ ಅಂಗಡಿಯವನು ತನ್ನ ಅಂಗಡಿಗೂ ಯುದ್ಧ ವಿಮಾನಕ್ಕೂ ಏನು ಸಂಬಂಧ ಅಂತ ಕನಸಿನಲ್ಲೂ ಯೋಚಿಸಿರಲಿಕ್ಕಿಲ್ಲ. ಹಾಗಾಗಿ ಅಲಿನೇಷನ್‌ಗೆ ಬಂದವರಿಗೆ ನಾನು ಮೊದಲು ಹೇಳುವುದು, ಅಡ್ವಾನ್ಸ್ ಈಸಿಕೊಳ್ಳುವ ಮುಂಚೆ ಎನ್‌ಒಸಿ ಬೇಕಾ ಅಂತ ವಿಚಾರಿಸಿಕೊಂಡು ಬನ್ನಿ ಅಂತ. ಬ್ರೋಕರ್‌ಗಳಿಗೆ ನನ್ನ ಮೇಲೆ ಅಷ್ಟು ಪ್ರೀತಿ ಇಲ್ಲ.

ದೇವನಹಳ್ಳಿಯದ್ದು ನೋಡಿ. ಅಲ್ಲಿ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆ ಅಂತ ತೆಗೆದುಕೊಳ್ಳಲು ಹೊರಟರು. ಅದು ಕೆಐಎಡಿಬಿ, ಅಂದರೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ದಾರಿ. ಮೊದಲು 28(1) ಪ್ರಾಥಮಿಕ ನೋಟಿಫಿಕೇಷನ್, ಆಮೇಲೆ ಮಾಲೀಕರಿಗೆ ನೋಟಿಸ್, ಆಕ್ಷೇಪಣೆ, ಆಮೇಲೆ 28(4) ಅಂತಿಮ ನೋಟಿಫಿಕೇಷನ್. ರೈತರ ಕೈಗೆ ಕಾಗದ ಬಂತು. 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು, ಸಾವಿರ ದಿನ ದಾಟಿದರೂ ಏಳಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಟ್ಟೆವು ಅಂದರು. ಮಾರನೇ ದಿನಕ್ಕೆಲ್ಲ ಪಕ್ಕದ ಆಂಧ್ರದ ಸಚಿವ ನಾರಾ ಲೋಕೇಶ್ ಅವರು ಕಂಪನಿಗಳಿಗೆ ‘ನಮ್ಮಲ್ಲಿ ಬನ್ನಿ, ಜಮೀನಿದೆ’ ಅಂತ ಕರೆ ಕೊಟ್ಟಿದ್ದು ಬೇರೆ ಮಾತು. ಆ ರೈತರ ಗಟ್ಟಿತನ ದೊಡ್ಡದು, ಅನುಮಾನವೇ ಇಲ್ಲ. ಆದರೆ ಪತ್ರ ಬರೆಯುವವನ ಕಣ್ಣಿಗೆ ಇನ್ನೊಂದು ಕಾಣುತ್ತದೆ. ಅವರಲ್ಲಿ ಬಹಳ ಜನರ ಹೆಸರು 9ನೇ ಕಲಂನಲ್ಲಿ ಇತ್ತು. ನಮ್ಮ ಮಾವನ ಹೆಸರು ಕಾವಲಿನ ಯಾವ ಕಲಂನಲ್ಲೂ ಇರಲಿಲ್ಲ.

ಅದಕ್ಕೇ ಈಗ ಪಂಚಾಯ್ತಿ ಮೆಂಬರ್‌ಗಳು ಯಾರಾದರೂ ಬಂದರೆ ಒಂದು ಮಾತು ತಲೆಗೆ ಹಾಕುತ್ತಿರುತ್ತೇನೆ. ಉಳಿದಿರುವ ಗೋಮಾಳದ ಹದ್ದುಬಸ್ತು ಮಾಡಿಸಿ, ನಕ್ಷೆ ತೆಗೆಸಿ, ಕುರಿ ಹೋಗುವ ದಾರಿ, ದನ ಕುರಿ ನೀರು ಕುಡಿಯುವ ಗೋಕಟ್ಟೆ ಎಲ್ಲ ಗುರುತು ಮಾಡಿಸಿ, ಗ್ರಾಮಸಭೆಯಲ್ಲಿ ಠರಾವು ಬರೆಸಿ ಇಟ್ಟುಕೊಳ್ಳಿ. ನಾಳೆ ಸುತ್ತಲ ಪಟ್ಟಾ ಜಮೀನೆಲ್ಲ ಗೋಡೌನ್, ಫ್ಯಾಕ್ಟರಿ ಆಯಿತು ಅನ್ನಿ, ಮಧ್ಯದ ದಾರಿ ಯಾರದು ಅಂತ ಯಾರು ಹೇಳುತ್ತಾರೆ? ಕೆಲವರು ಹೂಂ ಅನ್ನುತ್ತಾರೆ. ಟೀ ಕುಡಿದು ಹೋಗುತ್ತಾರೆ.

ಈ ವಾರ ಒಂದು ಫೈಲು ಬಂದಿದೆ. ಕಾವಲಿನ ಗೋಡೆಗೆ ಸ್ವಲ್ಪವೇ ದೂರದ ಹೊಲ, ಅಣ್ಣ ತಮ್ಮ ಇಬ್ಬರ ಜಂಟಿ ಖಾತೆ. ಬೆಂಗಳೂರಿನವರೊಬ್ಬರು ಗೋಡೌನಿಗೆ ಕೊಳ್ಳುತ್ತಾರಂತೆ. ತಮ್ಮನಿಗೆ ಅವಸರ, ಮಗಳ ಕಾಲೇಜು ಫೀಸು ಇದೆ. ಅಣ್ಣ ಈಗಲೂ ಕುರಿ ಸಾಕಿದ್ದಾರೆ. ಗೋಡೆ ಬಂದಮೇಲೆ ಅವರ ಮಂದೆ ಸುತ್ತು ಹಾಕಿ ಗೋಕಟ್ಟೆಗೆ ಹೋಗುವುದು ಇದೇ ಹೊಲದ ಬದುವಿನ ಮೇಲೆ, ಬೇರೆಯವರ ಮಂದೆಗಳೂ ಅಲ್ಲೇ. ಆದ್ದರಿಂದ ಚಕ್ಕುಬಂದಿ, ಅಂದರೆ ಹೊಲದ ನಾಲ್ಕೂ ದಿಕ್ಕಿನ ಗಡಿ ಬರೆಯುವಾಗ ಉತ್ತರಕ್ಕೆ 12 ಅಡಿ ದಾರಿ ಬಿಟ್ಟಿದೆ, ಅದು ಜನ-ಜಾನುವಾರುಗಳ ಓಡಾಟಕ್ಕೆ, ಕೊಂಡವರು ಅಡ್ಡಿ ಮಾಡತಕ್ಕದ್ದಲ್ಲ ಅಂತ ಒಂದು ಸಾಲು ಸೇರಿಸಲು ಹೇಳಿದರು. ಸೇರಿಸಿದೆ.

ಕೊಳ್ಳುವವರ ಕಡೆಯವರು ಡ್ರಾಫ್ಟ್ ನೋಡಿ ಫೋನ್ ಮಾಡಿದರು. “ಸಾರ್, ದಾರಿ ಅಂತ ಇದ್ದರೆ ಬ್ಯಾಂಕಿನವರು ಕೊಕ್ಕೆ ತೆಗೀತಾರೆ. ಆ ಸಾಲು ಕಿತ್ತುಬಿಡಿ. ಬಾಯಿಮಾತಲ್ಲಿ ಬಿಡ್ತೀವಿ, ಕುರಿ ಹೋಗಲಿ, ಯಾರು ಬೇಡ ಅಂತಾರೆ?”

ಅಣ್ಣನಿಗೆ ಹೇಳಿದೆ. ಆ ಸಾಲು ತೆಗೆದರೆ ಸಹಿ ಹಾಕಲ್ಲ ಅಂದರು. ತಮ್ಮ ಸಿಟ್ಟಾಗಿ ಹೊರಗೆ ಹೋಗಿ ಬೀಡಿ ಹಚ್ಚಿದ. 9ನೇ ಕಲಂನಲ್ಲಿ ಅಣ್ಣನ ಹೆಸರೇ ಮೊದಲು ಇದೆ, ಅವರ ಸಹಿ ಇಲ್ಲದೆ ಫೈಲು ಮುಂದೆ ಹೋಗುವುದಿಲ್ಲ. ಸೋಮವಾರ ಎರಡೂ ಕಡೆಯವರು ಬರುತ್ತಾರಂತೆ. 12 ಅಡಿ ಇದ್ದದ್ದು 8ಕ್ಕೆ ಇಳಿಯಬಹುದು. ಸಾಲು ಮಾತ್ರ ತೆಗೆಯುವುದಿಲ್ಲ ಅಂತ ಅಣ್ಣ ಹೇಳಿ ಹೋಗಿದ್ದಾರೆ.